ಅಣ್ಣನಿಗೆ ಹೆಣ್ಣು ಕೇಳಲು ಹೋದದ್ದು

ಜುಲೈ ಆರು, ಭಾನುವಾರ. ಸಂಜೆ ಐದೂಕಾಲಿಗೆ ಬರೆಯತೊಡಗಿದೆ.

ಕೊಚ್ಚಿಯ ಎಡಪ್ಪಳ್ಳಿಯ ಮಾಲ್‌ನಲ್ಲಿ ಹೊಸದಾಗಿ ಒಂದು ದೆವ್ವದ ಮನೆ ಬಂದಿದೆ. ಟಿಕೆಟ್ ಕೊಂಡು ಒಳಗೆ ಹೋದರೆ ಕಪ್ಪು ಪರದೆ, ಕೃತಕ ಹೊಗೆಯ ಸಿಹಿ ವಾಸನೆ, ಮೂಲೆಯಿಂದ ಹಾರಿ ಬೀಳುವ ಬಿಳಿ ಮುಖಗಳು. ಇವತ್ತು ಮಧ್ಯಾಹ್ನ ಹಾಸ್ಟೆಲಿನ ರೂಮ್‌ಮೇಟ್ ಶಬಾನಾಳ ಜೊತೆ ಹೋಗಿದ್ದೆ. ಹುಬ್ಬಳ್ಳಿಯ ಈ ಧೈರ್ಯವಂತೆ ನನ್ನ ತೋಳಿನ ಮೇಲೆ ಉಗುರಿನ ಗುರುತು ಬಿಟ್ಟಿದ್ದಾಳೆ. ಹೊರಗೆ ಬಂದ ಮೇಲೆ ನನಗೆ ಹೊಳೆದದ್ದು ಇಷ್ಟು: ಆ ದೆವ್ವಗಳಿಗೆ ನಮ್ಮಿಂದ ಏನೂ ಬೇಕಾಗಿರಲಿಲ್ಲ. ಹೆದರಿಸುವುದು, ಸರಿದು ನಿಲ್ಲುವುದು, ಮುಂದಿನ ಟಿಕೆಟ್ಟಿಗೆ ಕಾಯುವುದು.

ನಿಮಗೆ ಇದು ದೊಡ್ಡ ವಿಷಯ ಎನಿಸಲಿಕ್ಕಿಲ್ಲ. ನನಗೋ ಲೆಕ್ಕ ಇಡುವ ಚಟ. ಓದಿದ ಪುಟ, ಕುಡಿದ ಚಹಾ, ತಪ್ಪಿದ ಬಸ್ಸು, ಎಲ್ಲಕ್ಕೂ ಡೈರಿಯಲ್ಲಿ ಜಾಗವಿದೆ. ಕಳೆದ ವರ್ಷ ಆಫೀಸಿನ ಊಟದ ಮೇಜಿನಲ್ಲಿ ಕೇಳಿದ ದೆವ್ವದ ಕತೆಗಳಿಗೂ ಒಂದು ಪಟ್ಟಿ ಮಾಡಿದ್ದೆ: ಯಾರ ಕಾಲದ್ದು, ಎಲ್ಲಿ ಕಂಡಿತು, ಏನು ಕೇಳಿತು. ನೂರಾರು ವರ್ಷ ಹಿಂದಿನವು ಎನ್ನುವ ಕತೆಗಳಲ್ಲಿ ಸತ್ತವರಿಗೆ ಏನಾದರೂ ಬೇಕೇ ಬೇಕು. ಇಲ್ಲಿನ ಯಕ್ಷಿ ದಾರಿಹೋಕನನ್ನು ನಿಲ್ಲಿಸಿ ವೀಳ್ಯಕ್ಕೆ ಸುಣ್ಣ ಕೇಳುತ್ತಿದ್ದಳು. ಕೊಟ್ಟವನ ಗತಿ ಬೇರೆ ಮಾತು. ನಮ್ಮ ಕಾಸರಗೋಡಿನ ಕಡೆಯ ಪ್ರೇತಗಳು ಮಳೆಗಾಲದ ಆಟಿ ತಿಂಗಳಲ್ಲಿ ಮನೆಗೆ ಬಂದು ಊಟ ಕೇಳುತ್ತಿದ್ದವು, ಬಟ್ಟೆ ಕೇಳುತ್ತಿದ್ದವು. ರಸ್ತೆಗೆ ಕರೆಂಟಿನ ಕಂಬ ಬಂದ ಅಜ್ಜಂದಿರ ಕಾಲಕ್ಕೆ ಕೇಳುವುದು ನಿಂತು ಬರಿದೆ ಕಾಣಿಸಿಕೊಳ್ಳುವುದು ಉಳಿಯಿತು. ನಮ್ಮ ಕಾಲದವು ಫೋನಿನ ವಿಡಿಯೊದಲ್ಲಿ ಕ್ಷಣ ಹೊತ್ತು ಕಾಣುತ್ತವೆ. ಏನು ಕೇಳಿತು ಎಂಬಲ್ಲಿ ಬರೆಯಲು ಏನೂ ಇಲ್ಲ.

ಆ ಪಟ್ಟಿ ನೋಡಿ ನಗುತ್ತಿದ್ದೆ, ಒಂದು ದಿನ ಅಮ್ಮನ ಫೋನ್ ಬರುವವರೆಗೆ.

ನನಗೊಬ್ಬ ಅಣ್ಣ ಇದ್ದ. ನಾನು ಹುಟ್ಟುವ ಮೊದಲೇ, ಇನ್ನೂ ಅಂಬೆಗಾಲಿಡುತ್ತಿದ್ದಾಗ, ಜ್ವರದಲ್ಲಿ ಹೋದ. ನಮ್ಮ ಕಡೆಯ ನಂಬಿಕೆಯಲ್ಲಿ ಹಾಗೆ ಹೋದ ಮಕ್ಕಳು ಅಲ್ಲಿಯೂ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದಾಗ, ಹಾಗೆಯೇ ತೀರಿಹೋದ ಇನ್ನೊಂದು ಮನೆಯ ಮಗುವಿನ ಜೊತೆ ಮದುವೆ ಮಾಡಿಸಬೇಕು. ಎರಡು ಖಾಲಿ ಕುರ್ಚಿ, ಸೀರೆ, ಪಂಚೆ, ಹೂಮಾಲೆ, ಬಂದವರಿಗೆ ಊಟ. ಪ್ರೇತ ಮದುವೆ ಎನ್ನುತ್ತಾರೆ. ಆಗ ನನಗೂ ಎರ್ನಾಕುಲಂನಲ್ಲಿ ಕೆಲಸದಲ್ಲಿರುವ ಪುತ್ತೂರಿನ ಹುಡುಗನೊಂದಿಗೆ ಮದುವೆಯ ಮಾತಾಗಿತ್ತು. ಅಮ್ಮ ಮಾತ್ರ ದಿನ ಗೊತ್ತು ಮಾಡಲು ಒಪ್ಪಲಿಲ್ಲ.

"ಅಣ್ಣ ಹಾಗೇ ಕೂತಿರುವಾಗ ನಿನಗೆ ಹೇಗೆ ಮಾಡುವುದು? ಅವನ ಮನಸ್ಸಿಗೆ ಎಂತ ಆಗಲಿಕ್ಕಿಲ್ಲ?" ಎಂದಳು. "ತಿರುವನಂತಪುರದಲ್ಲಿ ಒಂದು ಹುಡುಗಿ ಉಂಟಂತೆ. ನಮ್ಮ ಊರ ಕಡೆಯವರೇ. ಬ್ರೋಕರ್ ಮಾತಾಡಿ ಇಟ್ಟಿದ್ದಾನೆ. ನೀನು ಅಲ್ಲೇ ಹತ್ತಿರ ಇದ್ದಿ, ಹೋಗಿ ಕೇಳಿಕೊಂಡು ಬಾ."

"ಕೊಚ್ಚಿಯಿಂದ ಅದು ಹತ್ತಿರ ಅಲ್ಲ ಅಮ್ಮ."

"ಕಾಸರಗೋಡಿನಿಂದ ನೋಡಿದರೆ ಹತ್ತಿರವೇ."

ಶಬಾನಾ ಹಾಸಿಗೆಯ ಮೇಲೆ ಉರುಳಾಡಿ ನಕ್ಕಳು. "ಸತ್ತಾಂವಗ ಹೆಣ್ಣು ನೋಡಾಕ ಹೊಂಟಿಯೇನವಾ? ಇಲ್ಲೆ ಬದುಕಿದ್ದವರಿಗೇ ಸಿಗವಲ್ದು!" ಆಮೇಲೆ ಎದ್ದು ಕುಳಿತು ಕೇಳಿದಳು: "ಅಲ್ಲ, ಆ ತಾಯಿ ಮುಂದ ಏನಂತ ಬಾಯಿ ತಗೀತಿ?"

ಆ ಪ್ರಶ್ನೆ ರೈಲಿನಲ್ಲಿ ನನ್ನ ಪಕ್ಕದಲ್ಲೇ ಕುಳಿತು ಬಂತು. ಮೊದಲ ವಾಕ್ಯವನ್ನು ಡೈರಿಯಲ್ಲಿ ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ. ಕೊಲ್ಲಂ ದಾಟುವಾಗಲೂ ಅದನ್ನೇ ತಿದ್ದುತ್ತಿದ್ದೆ.

ಹುಡುಗಿಯ ತಾಯಿ ನಿವೃತ್ತ ಶಿಕ್ಷಕಿ. ಅಲ್ಲಿ ಎಲ್ಲರೂ ಟೀಚರ್ ಎಂದೇ ಕರೆಯುತ್ತಾರೆ. ಊರು ಬಿಟ್ಟು ಎಷ್ಟೋ ಕಾಲವಾಗಿದ್ದರೂ ಮಾತು ನಮ್ಮ ಕಡೆಯದೇ. ಮನೆಯಲ್ಲಿ ಮಗ ಇದ್ದ; ಕನ್ನಡ ಅರ್ಥವಾಗುತ್ತದೆ, ಉತ್ತರ ಮಲಯಾಳದಲ್ಲಿ. ಬಾಳೆಹಣ್ಣಿನ ಬಿಸಿ ಪಳಂಪೊರಿಯ ತಟ್ಟೆ ಇಟ್ಟು ಟೀಚರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹುಡುಗಿ ಒಬ್ಬಳೇ ಬಂದದ್ದಾ? ಒಳ್ಳೆಯದು, ಈಗಿನ ಕಾಲ ಹಾಗೇ ಆಗಬೇಕು. ಅಡುಗೆ ಬರ್ತದಾ ಮಗಾ? ಬರದಿದ್ದರೂ ಅಡ್ಡಿ ಇಲ್ಲ, ಇವನಿಗೆ ಬರ್ತದೆ."

ಮಗ ಚಹಾದ ಲೋಟದಲ್ಲಿ ಮುಖ ಮರೆಸಿಕೊಂಡ. ಬ್ರೋಕರ್ ಇವರಿಗೆ ಸಂಬಂಧದ ಮಾತು ಎಂದಷ್ಟೇ ಹೇಳಿದ್ದ. ಯಾರಿಗೆ ಯಾರು ಎಂದು ಹೇಳುವ ಕೆಲಸ ನನಗೆ ಬಿಟ್ಟಿದ್ದ. ಎದುರಿನ ಗೋಡೆಯಲ್ಲಿ ಚುಕ್ಕಿ ಫ್ರಾಕಿನ ಒಂದು ಮಗುವಿನ ಫೋಟೋ. ಒಂದು ಕಾಲಿನ ಸಾಕ್ಸ್ ಜಾರಿದೆ. ಏರಿಸಿದ ಹೂವು ಆ ದಿನದ್ದೇ.

ಇಂಥ ಹೊತ್ತಿನಲ್ಲಿ ನನ್ನಂಥವರ ಬಾಯಿಗೆ ಬರುವುದು ಅಂಕಿಗಳು ಮಾತ್ರ.

"ಟೀಚರ್, ನಾನು ಬಂದದ್ದು ನನಗಾಗಿ ಅಲ್ಲ. ತೀರಿಹೋದ ಅಣ್ಣನಿಗಾಗಿ. ಅವನಿಗೆ ಈಗ ಮೂವತ್ತೊಂದು. ನಿಮ್ಮ ಮಗಳಿಗೆ ಇಪ್ಪತ್ತೊಂಬತ್ತು. ಪ್ರಾಯ ಹೊಂದುತ್ತದೆ."

"ಯಾರಿಗೆ ಇಪ್ಪತ್ತೊಂಬತ್ತು?"

ನಾನು ಫೋಟೋದ ಕಡೆ ನೋಡಿದೆ. ಹಾಗೆ ನೋಡಬಾರದಿತ್ತು.

ಮಗ ಎದ್ದು ನಿಂತ. "ಅಮ್ಮೇ, ಇದು ವೇಂಡ." ನನ್ನ ಕಡೆ ತಿರುಗಿ ಬಾಗಿಲು ತೋರಿಸಿದ. "ಚೇಚಿ ಪೊಯ್ಕ್ಕೋಳೂ." ಮದುವೆಯ ಹುಡುಗಿಯಾಗಿದ್ದವಳು ಒಂದೇ ಕ್ಷಣದಲ್ಲಿ ಹೊರಡಬೇಕಾದ ಅಕ್ಕನಾಗಿದ್ದೆ.

"ಕೂತುಕೋ," ಎಂದರು ಟೀಚರ್. ಯಾರಿಗೆ ಹೇಳಿದ್ದೆಂದು ತಿಳಿಯದೆ ನಾವಿಬ್ಬರೂ ಕುಳಿತೆವು.

"ಅವಳಿಗೆ ಮೂರು ವರ್ಷ. ಅಲ್ಲಿ ನೋಡು, ಸಾಕ್ಸ್ ಎಳೆದುಕೊಳ್ಳಲಿಕ್ಕೆ ಸಹ ಬರುವುದಿಲ್ಲ. ಅವಳಿಗೆ ಇಪ್ಪತ್ತೊಂಬತ್ತು ಮಾಡಲಿಕ್ಕೆ ನೀವು ಯಾರು?"

ಧ್ವನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. ತಪ್ಪಾಯಿತು ಎಂದೆ. ಚೀಲ ತೆಗೆದುಕೊಂಡು ಎದ್ದೆ. ಬಾಗಿಲವರೆಗೆ ಹೋದಾಗ ಹಿಂದಿನಿಂದ ಕೇಳಿದರು:

"ನಿನ್ನ ಅಣ್ಣನ ಫೋಟೋ ತಂದಿದ್ದೀಯಾ?"

"ಇಲ್ಲ ಟೀಚರ್. ತೆಗೆಸಿರಲಿಲ್ಲ."

"ಒಂದೂ?"

"ಒಂದೂ ಇಲ್ಲ."

"ಮತ್ತೆ ನಿನ್ನ ಅಮ್ಮ ಯಾರ ಮುಖ ನೋಡುವುದು?"

ಅಮ್ಮ ಕಾಸರಗೋಡಿನ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಪ್ರತಿ ಆಟಿಯಲ್ಲಿ ಅಣ್ಣನ ಹೆಸರಿಗೆ ಎಲೆ ಹಾಕಿ ಬಡಿಸುವಾಗ ಪಕ್ಕದಲ್ಲಿ ತಾನೇ ಹೊಲಿದ ಒಂದು ಅಂಗಿ ಇಡುತ್ತಾಳೆ. ನಾನು ಚಿಕ್ಕವಳಿದ್ದಾಗ ಅದು ಅರ್ಧ ತೋಳಿನ ಚೌಕುಳಿಯ ಅಂಗಿ, ನನ್ನದಕ್ಕಿಂತ ಸ್ವಲ್ಪವೇ ದೊಡ್ಡದು. ಆಮೇಲೆ ಶಾಲೆಯ ಯೂನಿಫಾರ್ಮ್. ನಾನು ಕಾಲೇಜು ಸೇರುವ ಹೊತ್ತಿಗೆ ತುಂಬು ತೋಳು ಬಂದಿತ್ತು. ಯಾರದೋ ಅಳತೆ ಹಿಡಿದು ಹೊಲಿಯುತ್ತಾಳೆ ಎಂದುಕೊಂಡಿದ್ದೆ. ಇದನ್ನೆಲ್ಲ ಬಾಗಿಲಲ್ಲೇ ನಿಂತು ಹೇಳಿದೆ. "ಕಳೆದ ವರ್ಷ ಸ್ವಲ್ಪ ಸಡಿಲ ಬಿಟ್ಟಳು ಟೀಚರ್. ಅವನಿಗೆ ಈಚೆಗೆ ಹೊಟ್ಟೆ ಬಂದಿದೆಯಂತೆ."

"ಹೊಟ್ಟೆಯಾ?" ಟೀಚರ್ ನಕ್ಕರು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

ಕಾಲ ಬದಲಾದಂತೆ ದೆವ್ವಗಳು ಹೇಗೆ ಬದಲಾದವು ಎಂದು ನನ್ನನ್ನು ಕೇಳಿದರೆ ಆ ಕೋಣೆಯನ್ನು ನೆನೆಯುತ್ತೇನೆ. ವಿಜ್ಞಾನ ಬಂತು, ಬೆಳಕು ಬಂತು, ಅವು ಓಡಿಹೋದವು ಎನ್ನುತ್ತಾರೆ. ನನ್ನ ಊಹೆ ಬೇರೆ. ಫೋಟೋ ಬಂತು, ಸತ್ತವರು ಬೆಳೆಯುವುದನ್ನು ನಿಲ್ಲಿಸಿದರು. ಅದಕ್ಕಿಂತ ಮೊದಲು ಹೋದ ಮಗುವಿನ ಮುಖ ತಾಯಿಯ ಮನಸ್ಸಿನಲ್ಲಿ ಮಾತ್ರ ಇತ್ತು. ಅಲ್ಲಿ ಅದಕ್ಕೆ ಹಲ್ಲು ಬರುತ್ತಿತ್ತು, ಮೀಸೆ ಬರುತ್ತಿತ್ತು. ಗೋಡೆಗೆ ಬಂದ ಮೇಲೆ ಸಾಕ್ಸ್ ಜಾರಿದ್ದು ಜಾರಿದ ಹಾಗೆಯೇ ಉಳಿಯಿತು.

"ಹೂಂ ಎನ್ನಲಿಕ್ಕೆ ಆಗುವುದಿಲ್ಲ ಮಗಾ," ಎಂದರು ಟೀಚರ್ ಕೊನೆಗೆ. "ಇಪ್ಪತ್ತೊಂಬತ್ತರವಳನ್ನು ನಾನು ಕಂಡೇ ಇಲ್ಲ. ಕಾಣದವಳನ್ನು ಹೇಗೆ ಕೊಡುವುದು? ಮೊದಲು ಬೆಳೆಸಬೇಕು. ಸಮಯ ಬೇಕು."

ಅಮ್ಮ ರೇಗುತ್ತಾಳೆ ಎಂದುಕೊಂಡೇ ಸ್ಟೇಷನ್ನಿನಿಂದ ಫೋನ್ ಮಾಡಿದೆ. ಅಮ್ಮ ರೇಗಲಿಲ್ಲ. "ನ್ಯಾಯದ ಮಾತು. ಕಾಯುವ," ಎಂದಳು. "ಅವರ ನಂಬರ್ ಕೊಡು. ನಾಲ್ಕು ತುಂಬಿದ ಮಗುವಿಗೆ ಫ್ರಾಕು ಎಷ್ಟು ಉದ್ದ ಬೇಕು ಅಂತ ಕೇಳಬೇಕು."

ಅಂದಿನಿಂದ ತಿಂಗಳಿಗೊಂದು ಪಾರ್ಸೆಲ್ ಕಾಸರಗೋಡಿನಿಂದ ತಿರುವನಂತಪುರಕ್ಕೆ ಹೋಗುತ್ತಿದೆ. ತಿಂಗಳಿಗೊಂದು ವರ್ಷದ ಲೆಕ್ಕದಲ್ಲಿ ಮಗು ಬೆಳೆಯುತ್ತಿದೆ. ಮೊದಲ ಪಾರ್ಸೆಲ್ ಹೋದಾಗ ಟೀಚರ್ ಫೋನ್ ಎತ್ತಲಿಲ್ಲ. ಮುಗಿಯಿತು ಎಂದುಕೊಂಡೆವು. ವಾರ ಕಳೆದು ಮಗನೇ ಅಮ್ಮನಿಗೆ ಫೋನ್ ಮಾಡಿ, ಮುರುಕು ಕನ್ನಡದಲ್ಲಿ, "ಫ್ರಾಕ್ ಸರಿ ಆಯ್ತು" ಎಂದನಂತೆ. ಆಮೇಲೆ ಯೂನಿಫಾರ್ಮ್, ಉದ್ದ ಲಂಗ, ಚೂಡಿದಾರ. ನಾನು ಡೈರಿಯಲ್ಲಿ ಗುರುತು ಹಾಕುತ್ತಾ ಬಂದೆ. ಪಾಲಾರಿವಟ್ಟಂನ ಚಹಾದಂಗಡಿಯಲ್ಲಿ ಸಿಗುವ ನನ್ನ ಹುಡುಗ ನಮ್ಮ ದಿನ ಯಾವಾಗ ಎಂದು ಕೇಳುತ್ತಿದ್ದವನು, ಈಗ "ಅತ್ತಿಗೆ ಎಷ್ಟನೇ ಕ್ಲಾಸು?" ಎನ್ನುತ್ತಾನೆ. ನಂಬುತ್ತೇನೆಯೇ ಎಂದು ನನ್ನನ್ನು ಕೇಳಬೇಡಿ. ಅವಳು ಹತ್ತನೆಯ ತರಗತಿಗೆ ಬಂದ ತಿಂಗಳು ನನಗೆ ಆಫೀಸಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ ಎಂದಷ್ಟೇ ಹೇಳಬಲ್ಲೆ.

ಮಾಲ್‌ನಿಂದ ಇವತ್ತು ಹಿಂತಿರುಗಿದಾಗ ಟೀಚರ್ ಫೋನ್ ಮಾಡಿದರು.

"ಮಗಾ, ನಿನ್ನ ಅಮ್ಮನಿಗೆ ಹೇಗೆ ಹೇಳುವುದು ಗೊತ್ತಾಗುವುದಿಲ್ಲ. ಅವಳಿಗೆ ಮದುವೆ ಬೇಡವಂತೆ. ಓದಬೇಕಂತೆ."

"ಎಲ್ಲಿಯವರೆಗೆ ಟೀಚರ್?"

"ಹೇಳುವುದಿಲ್ಲ. ಹಟಮಾರಿ ಆಗಿದ್ದಾಳೆ." ಆ ದೂರಿನ ತುಂಬ ಹೆಮ್ಮೆಯಿತ್ತು.

ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಳುವ ಮೊದಲು ತಿಳಿದುಕೊಳ್ಳಬೇಕಾದದ್ದು ಇದೆ. ಹಿಂದೆಲ್ಲ ಎರಡು ಮನೆಯ ಹಿರಿಯರು ಕುಳಿತು ಇದನ್ನು ತೀರ್ಮಾನ ಮಾಡುತ್ತಿದ್ದರು. ಹುಡುಗಿಯನ್ನು ಯಾರಾದರೂ ಕೇಳುತ್ತಿದ್ದರೇ? ಬೇಡ ಎಂದವಳು ಯಾವ ಊರಿನಲ್ಲಾದರೂ, ಯಾವ ಕಾಲದಲ್ಲಾದರೂ ಇದ್ದಳೇ? ಅವಳ ಮಾತು ನಡೆಯಿತೇ? ಬಲ್ಲವರು ದಯವಿಟ್ಟು ನನಗೆ ಬರೆದು ತಿಳಿಸಿ. ಅವಸರವಿಲ್ಲ, ಅವಳು ಓದಿ ಮುಗಿಸುವವರೆಗೆ ನಮಗೆ ಸಮಯವಿದೆ.