ಬ್ಯಾಂಕಿನಿಂದ ಮಾತಾಡಿಸಲು ಬಂದವರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಬ್ಯಾಂಕಿಂಗ್ ಕ್ಷೇತ್ರದಲ್ಲಿ ಠೇವಣಿ ಬೆಳೆಸಿದವರಿದ್ದಾರೆ, ಸಾಲ ವಸೂಲು ಮಾಡಿದವರಿದ್ದಾರೆ, ಬಡ್ತಿಯ ಮೇಲೆ ದೂರದ ಊರಿಗೆ ಹೋಗಿ ಅಲ್ಲಿಂದ ಸುತ್ತೋಲೆಗಳನ್ನು ಕಳಿಸುತ್ತ ಕೀರ್ತಿವಂತರಾದವರೂ ಇದ್ದಾರೆ. ಆದರೆ ಹೆದರಿದ ಗ್ರಾಹಕರನ್ನು ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವುದೂ ಬ್ಯಾಂಕಿನದೇ ಕೆಲಸವೆಂದು ತಿಳಿದು ಹಾಗೆಯೇ ನಡೆದುಕೊಂಡವರು, ಈ ವರ್ಷ ನಿವೃತ್ತರಾಗುತ್ತಿರುವ ಶ್ರೀಮತಿ ತ್ರಿಪುರಸುಂದರಿಯವರು. ಇಂಥ ಅಭಿನಂದನ ಸಂಪುಟಗಳಲ್ಲಿ ಅಭಿಮಾನಿಗಳ ಸಾಕ್ಷ್ಯಕ್ಕೆ ಕೊರತೆಯಿರುವುದಿಲ್ಲ. ಅಭಿಮಾನಿಯಾದರೋ ಕಣ್ಣು ಮುಚ್ಚಿಯೇ ಹೊಗಳಬಲ್ಲ. ಕರುಬುವವನಿಗೆ ಆ ಅನುಕೂಲವಿಲ್ಲ, ಅವನು ನೋಡುತ್ತಲೇ ಇರಬೇಕು. ಆದ್ದರಿಂದ ಈ ಲೇಖನವು ಕೊಪ್ಪ ಶಾಖೆಯಲ್ಲಿ ಅವರಿಗೆ ಮೇಲಧಿಕಾರಿಯಾಗಿದ್ದ ಶ್ರೀ ಮಲ್ಲೇಶಪ್ಪನವರ ಕಣ್ಣುಗಳನ್ನು ಎರವಲು ಪಡೆದಿದೆ. ಕೊಡುವಾಗ ಅವರು ಹಾಕಿದ ಷರತ್ತು ಒಂದೇ: “ಬರಿ ಮಾರಾಯ. ಆದ್ರೆ ಹೊಟ್ಟೆಕಿಚ್ಚು ಅಂತ್ಲೇ ಬರಿ. ಆರೋಗ್ಯಕರ ಸ್ಪರ್ಧೆ ಗಿರ್ಧೆ ಅಂತ ಚಂದ ಮಾಡಕ್ಕೆ ಹೋಗ್ಬೇಡ.”

ತ್ರಿಪುರಸುಂದರಿಯವರು ಸೇವೆಗೆ ಸೇರಿದ್ದು ಶೃಂಗೇರಿಯಲ್ಲಿ, ಗುಮಾಸ್ತೆಯಾಗಿ. ಹೆಬ್ಬೆಟ್ಟು ಒತ್ತಲು ಬರುವವರ ಬೆರಳಿನ ಶಾಯಿ ಊಟದ ಎಲೆಯವರೆಗೂ ಹೋಗುತ್ತದೆಂದು ಕಂಡು, ತಮ್ಮ ಕೌಂಟರಿನಲ್ಲಿ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿಯನ್ನೂ ಹತ್ತಿಯನ್ನೂ ಇಟ್ಟುಕೊಂಡು ತಾವೇ ಒರೆಸಿ ಕಳಿಸುತ್ತಿದ್ದರು. ಮೆಣಸೆಯ ಮುದುಕರು ಅದಕ್ಕೇ ಅವರ ಸಾಲಿನಲ್ಲಿ ನಿಲ್ಲುತ್ತಿದ್ದರಂತೆ. ಹೆಡ್ ಕ್ಯಾಶಿಯರ್ ಆಗಿ ಅವರು ಕೊಪ್ಪಕ್ಕೆ ಬಂದಾಗ ಮಲ್ಲೇಶಪ್ಪನವರು ಅಲ್ಲಿ ಮ್ಯಾನೇಜರು. ನಿಯಮಾವಳಿ ಅವರಿಗೆ ಬಾಯಿಪಾಠವಾಗಿತ್ತು, ಕ್ಯಾಬಿನ್ನಿನಲ್ಲಿ ಬಂದವರಿಗೆಂದು ಮೆತ್ತನೆಯ ಕುರ್ಚಿಗಳಿದ್ದವು. ಜನ ಬಂದು ಆ ಕುರ್ಚಿಯಲ್ಲಿ ಕೂತು, ಸುಧಾರಿಸಿಕೊಂಡು, “ಸುಂದರಮ್ಮ ಇವತ್ತು ರಜೆಯಾ ಸಾರ್?” ಎಂದು ಕೇಳುತ್ತಿದ್ದರು. ತ್ರಿಪುರಸುಂದರಿಯವರು ಊರಿಗೆಲ್ಲ ಸುಂದರಮ್ಮ. ಮದುವೆಯ ಕರೆಯೋಲೆ ಮ್ಯಾನೇಜರಿಗೆ ಜವಾನನ ಕೈಯಲ್ಲಿ ಬರುತ್ತಿತ್ತು. ಸುಂದರಮ್ಮನವರಿಗಾದರೆ ಮನೆಮಂದಿಯೆಲ್ಲ ಅರಿಶಿನ ಕುಂಕುಮ ಹಿಡಿದು ಕೌಂಟರಿನವರೆಗೂ ಬರುತ್ತಿದ್ದರು. ಗಾಜಿನ ಈಚೆಯಿಂದ ಇದನ್ನೆಲ್ಲ ನೋಡುತ್ತಿದ್ದ ಮಲ್ಲೇಶಪ್ಪನವರಿಗೆ ಕಾಫಿ ಆರಿದ್ದು ತಿಳಿಯುತ್ತಿರಲಿಲ್ಲ.

ದರೋಡೆ ನಡೆದದ್ದು ೨೦೦೩ರ ಚಳಿಗಾಲದ ಒಂದು ಗುರುವಾರ. ಬಂದವರು ಮೂವರು, ಮಂಕಿ ಕ್ಯಾಪನ್ನು ಗಲ್ಲದವರೆಗೂ ಎಳೆದುಕೊಂಡಿದ್ದರು. ಬೇರೆ ಸೀಮೆಯಲ್ಲಾಗಿದ್ದರೆ ಬಾಗಿಲಲ್ಲೇ ಅನುಮಾನ ಬರುತ್ತಿತ್ತು. ಕೊಪ್ಪದಲ್ಲಿ ಆ ಹೊತ್ತಿಗೆ ಸಾಲಿನಲ್ಲಿದ್ದ ಅರ್ಧ ಜನರ ವೇಷವೂ ಅದೇ ಆಗಿದ್ದರಿಂದ, ಒಬ್ಬ ಹಿರಿಯರು ಅವರಿಗೆ ಸರಿದು ಜಾಗವನ್ನೂ ಕೊಟ್ಟರು. ಕೋವಿ ಹೊರಬಂದ ಮೇಲೆ ಸಾಲಿನಲ್ಲಿದ್ದವರನ್ನೆಲ್ಲ ನೆಲಕ್ಕೆ ಬೋರಲು ಮಲಗಿಸಿದರು, ಕಮ್ಮರಡಿಯ ಯಮುನಮ್ಮನವರೊಬ್ಬರನ್ನು ಬಿಟ್ಟು. ಅವರನ್ನು ಎಳೆದು ನಿಲ್ಲಿಸಿ, ಕುತ್ತಿಗೆಗೆ ಕೋವಿಯ ಬಾಯಿ ಒತ್ತಿ, ತಿಜೋರಿ ತೆಗೆಯಲು ಬ್ಯಾಂಕಿನವರಿಗೆ ಹೇಳಿದರು. ತಿಜೋರಿಗೆ ಎರಡು ಬೀಗದ ಕೈಗಳು, ಒಂದು ಹೆಡ್ ಕ್ಯಾಶಿಯರ್ ಬಳಿ, ಒಂದು ಮ್ಯಾನೇಜರ ಬಳಿ. ಸುಂದರಮ್ಮನವರು ತಮ್ಮದನ್ನು ಆಗಲೇ ಮೇಜಿನ ಮೇಲಿಟ್ಟಿದ್ದರು. ಮಲ್ಲೇಶಪ್ಪನವರಿಗೆ ಬೀಗದ ಕೈ ಬಿಟ್ಟುಕೊಡಬಾರದೆಂಬ ನಿಯಮ ನೆನಪಾಯಿತು. ಹಿಂದುಮುಂದು ನೋಡಿದ್ದು ಒಂದು ಗಳಿಗೆ ಮಾತ್ರ, ಆದರೆ ಆ ಗಳಿಗೆಯಲ್ಲಿ ಯಮುನಮ್ಮನವರು ಅವರ ಮುಖವನ್ನೇ ನೋಡುತ್ತಿದ್ದರು.

ದರೋಡೆಕೋರರು ಕೆಲವೇ ದಿನಗಳಲ್ಲಿ ಸಿಕ್ಕಿಬಿದ್ದರು, ಯಾರಿಗೂ ಗಾಯವಾಗಿರಲಿಲ್ಲ. ಮಲೆನಾಡಿನಲ್ಲಿ ಯಾರ ಮನೆಗಾದರೂ ಆಪತ್ತು ಬಂದರೆ ಹೋಗಿ ಮಾತಾಡಿಸಿಕೊಂಡು ಬರುವುದು ಪದ್ಧತಿ; ಅದರಂತೆ ಊರವರೆಲ್ಲ ಬಂದು ಮಲ್ಲೇಶಪ್ಪನವರನ್ನು ಮಾತಾಡಿಸಿದರು. ನೆಲದ ಮೇಲೆ ಬೋರಲು ಮಲಗಿದ್ದವರೂ ಕೆಲವರು ಬಂದು, ನಿಮ್ಮ ಬ್ಯಾಂಕಿಗೆ ಹೀಗಾಗಬಾರದಿತ್ತು ಎಂದು ಮರುಗಿದರು. ಜೀವನದಲ್ಲಿ ಮೊದಲ ಬಾರಿಗೆ ಜನ ತಮಗಾಗಿಯೇ ಬರುತ್ತಿದ್ದಾರೆಂದು ಮಲ್ಲೇಶಪ್ಪನವರು ಎರಡೆರಡು ಸಲ ಕಾಫಿ ತರಿಸಿದರು. ಸಂಜೆ ಸುಂದರಮ್ಮನವರು ಒಳಬಂದು, ಇದು ತಿರುಗುಮುರುಗಾಯಿತಲ್ಲ ಎಂದರು. ಗ್ರಾಹಕರಿಗೆ ಒಂದು ಪೈಸೆಯೂ ನಷ್ಟವಾಗಿಲ್ಲ, ಬ್ಯಾಂಕಿನ ಹೊಣೆ ಅಲ್ಲಿಗೆ ಮುಗಿಯಿತು, ಮೇಲಿನ ಕಚೇರಿಯವರೂ ಹಾಗೇ ಹೇಳಿದ್ದಾರೆ ಎಂದು ಮಲ್ಲೇಶಪ್ಪನವರು ವಿವರಿಸಿದರು.

“ದುಡ್ಡು ನಮ್ದು ಹೋಗಿದ್ದು ಸಾರ್,” ಎಂದರು ಸುಂದರಮ್ಮ. “ನಮ್ಮಲ್ಲಿಗೆ ಬಂದೋರು ಹೆದ್ರಿ ಹೋದ್ರು. ನಾವು ಹೋಗಿ ಮಾತಾಡ್ಸಬೇಡ್ವಾ?”

ಮುಂದಿನ ಭಾನುವಾರದಿಂದಲೇ ಅವರು ಹೊರಟರು, ಬಸ್ಸಿನಲ್ಲಿ, ಬಸರೀಕಟ್ಟೆಗೊಮ್ಮೆ, ಇನ್ನೊಂದು ಹಳ್ಳಿಗೊಮ್ಮೆ. ಕಮ್ಮರಡಿಗೆ ಮಾತ್ರ ಮತ್ತೆ ಮತ್ತೆ ಹೋಗಬೇಕಾಯಿತು. ಗುರುವಾರ ಬಂದರೆ ಒಬ್ಬರೇ ಬಸ್ಸು ಹತ್ತಿ ಕೊಪ್ಪಕ್ಕೆ ಬಂದು, ಬ್ಯಾಂಕು ಮುಗಿಸಿ, ಬಟ್ಟೆ ಅಂಗಡಿಯಲ್ಲಿ ಹರಟಿ, ತಂಗಿಯ ಮನೆಯಲ್ಲಿ ಉಂಡು ಹೋಗುತ್ತಿದ್ದ ಯಮುನಮ್ಮ, ಈಗ ರಸ್ತೆಗೂ ಇಳಿಯುತ್ತಿರಲಿಲ್ಲ. ಬೆನ್ನ ಹಿಂದೆ ಯಾರಾದರೂ ನಿಂತರೆ ಕುತ್ತಿಗೆ ಹಿಡಿದುಕೊಂಡು ಕೂತುಬಿಡುತ್ತಿದ್ದರು. ಬ್ಯಾಂಕಿನ ಕೆಲಸ ಇನ್ನು ನಾನೇ ನೋಡಿಕೊಳ್ಳುತ್ತೇನೆಂದು ಮಗ ಯಶವಂತ ಹೇಳಿದರೆ, ಹಿಂದೆ ಯಾರ ಮಾತಿಗೂ ಸೊಪ್ಪು ಹಾಕದಿದ್ದವರು ಸುಮ್ಮನೆ ತಲೆಯಾಡಿಸಿದರು. ಆ ತಲೆಯಾಟವನ್ನೇ ಸುಂದರಮ್ಮನವರಿಗೆ ಸಹಿಸಲಾಗಲಿಲ್ಲ. ಹೀಗೇ ಬಿಟ್ಟರೆ ಆ ಹೆಂಗಸು ಮತ್ತೆ ಹೊಸ್ತಿಲು ದಾಟುವುದಿಲ್ಲವೆಂದು ಅವರಿಗೆ ಅನಿಸಿತು. ಮೊದಲ ದಿನ, ಬರುವುದು ತಡವಾಯಿತು, ತಪ್ಪು ತಿಳಿಯಬೇಡಿ ಎಂದಷ್ಟೇ ಹೇಳಿದರು. ಆಮೇಲಿನ ವಾರಗಳಲ್ಲಿ ಬ್ಯಾಂಕಿನ ಹೆಸರನ್ನೇ ಎತ್ತಲಿಲ್ಲ. ಹಪ್ಪಳ ಒತ್ತಿದರು, ಊರಿನ ಸುದ್ದಿ ಹೇಳಿದರು, ಬಸ್ಸಿನ ಹೊತ್ತಿಗೆ ಎದ್ದು ಬಂದರು.

ಸುದ್ದಿ ಊರೆಲ್ಲ ಹಬ್ಬಿತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಗಣಪಯ್ಯನವರು, ಬ್ಯಾಂಕು ಅಂದರೆ ಸುಂದರಮ್ಮ ಮಾರಾಯ, ಉಳಿದದ್ದು ಬರೀ ಕಟ್ಟಡ ಎಂದದ್ದು ಮಲ್ಲೇಶಪ್ಪನವರ ಕಿವಿಗೂ ಬಿತ್ತು. ಆ ಕಟ್ಟಡದಲ್ಲಿ ತಾವೂ ಇದ್ದೇವಲ್ಲ ಎಂದು ಅವರು ಬೆಳಗಿನ ಜಾವ ಎಚ್ಚರವಾದಾಗಲೆಲ್ಲ ಯೋಚಿಸಿದರು. ಯಮುನಮ್ಮನವರನ್ನು ತಾವೇ ಕರೆತಂದು ತೋರಿಸಬೇಕೆಂದು ನಿಶ್ಚಯಿಸಿ, ಕಿತ್ತಳೆಯ ಬುಟ್ಟಿಯೊಂದಿಗೆ ಬ್ಯಾಂಕಿನ ಜೀಪಿನಲ್ಲಿ ಕಮ್ಮರಡಿಗೆ ಹೊರಟರು. ಹೊಸ ನಿಯಮದಂತೆ ಜೀಪಿನಲ್ಲಿ ಕೋವಿ ಹಿಡಿದ ಕಾವಲಿನವನಿರಬೇಕು. ಹಾಗಾಗಿ, ಅವರೇ ಹಟ ಹಿಡಿದು ಮಂಜೂರು ಮಾಡಿಸಿಕೊಂಡಿದ್ದ ರಂಗಪ್ಪ ಮುಂದೆ ಕೂತಿದ್ದ. ಮಂಜು ಕವಿದಿತ್ತು, ಚಳಿಯಿತ್ತು. ಎಲ್ಲರಂತೆ ಅವನೂ ಮಂಕಿ ಕ್ಯಾಪನ್ನು ಗಲ್ಲದವರೆಗೂ ಎಳೆದುಕೊಂಡಿದ್ದ. ಜೀಪು ಅಂಗಳದಲ್ಲಿ ನಿಂತಾಗ ಸಾಹೇಬರಿಗೆ ಬಾಗಿಲು ತೆಗೆಯಲೆಂದು ಕೋವಿ ಸಮೇತ ಮೊದಲು ಇಳಿದವನು ಅವನೇ.

ಜಗಲಿಯಲ್ಲಿದ್ದ ಯಮುನಮ್ಮ ಒಳಗೋಡಿ ಅಗುಳಿ ಹಾಕಿಕೊಂಡರು. ಸೊಸೆ ನಯನ ಒಳಬಾಗಿಲ ಹತ್ತಿರ ನಿಂತು ಎಷ್ಟು ಕರೆದರೂ ತೆಗೆಯಲಿಲ್ಲ. ಕೊನೆಗೆ ಆಕೆಯೇ ಹೊರಬಂದು ಹೇಳಿದಳು: “ನೀವು ಒಳ್ಳೇದಕ್ಕೇ ಬಂದ್ರಿ ಸಾರ್, ಇಲ್ಲ ಅನ್ನಲ್ಲ. ಆದ್ರೆ ಇವ್ರನ್ನ ಎಂತಕ್ಕೆ ಕರ್ಕಂಡು ಬಂದ್ರಿ?”

ರಂಗಪ್ಪ ತಾನಾಗಿಯೇ ಟೊಪ್ಪಿ ತೆಗೆದು ತಲೆ ತಗ್ಗಿಸಿದ. ಕಿತ್ತಳೆ ಬುಟ್ಟಿಯನ್ನು ಜಗಲಿಯ ಮೇಲಿಟ್ಟು ಮಲ್ಲೇಶಪ್ಪನವರು ಹಿಂದಿರುಗಿದರು.

ಸುಂದರಮ್ಮನವರಿಗೆ ವಿಷಯ ತಿಳಿಯದೆ ಇರಲಿಲ್ಲ. ಎರಡು ತಿಂಗಳ ಶ್ರಮ ಒಂದೇ ಬೆಳಿಗ್ಗೆಗೆ ಹಾಳಾಗಿತ್ತು. ಅವರು ಒಂದು ಮಾತು ಬಯ್ದಿದ್ದರೆ ಮಲ್ಲೇಶಪ್ಪನವರು ಸಮಾಧಾನವಾಗಿ ಜಗಳವಾಡುತ್ತಿದ್ದರು. ಬಯ್ಯದೆ ಇದ್ದದ್ದು ಅವರಿಗೆ ಇವತ್ತಿಗೂ ಮರೆತಿಲ್ಲ. ಬದಲಿಗೆ ಆಕೆ ಒಂದು ಬೇಡಿಕೆಯಿಟ್ಟರು: ರಂಗಪ್ಪ ಬರಿತಲೆಯಲ್ಲಿ ಒಳಗೆ ಕೂರಲಿ, ಬಾಗಿಲಲ್ಲಿ ಮ್ಯಾನೇಜರೇ ನಿಂತು ಬಂದವರನ್ನು ಕರೆಯಲಿ. ಮ್ಯಾನೇಜರಾದವನು ಬಾಗಿಲು ಕಾಯುವುದೇ ಎಂದು ಮಲ್ಲೇಶಪ್ಪನವರು ಕೇಳಿದರು. ಮನೆಗೆ ಬಂದವರನ್ನು ಯಜಮಾನರಲ್ಲದೆ ಇನ್ಯಾರು ಎದುರುಗೊಳ್ಳಬೇಕು ಸಾರ್ ಎಂದು ಆಕೆ ಕೇಳಿದರು. ಯಜಮಾನ ಎಂಬ ಮಾತು ಕೆಲಸ ಮಾಡಿತು. ಗುರುವಾರ ಗುರುವಾರ ಅವರು ಬಾಗಿಲಲ್ಲಿ ನಿಂತರು. ಮೊದಮೊದಲು ಜನ ಬೆದರಿ, ತಮ್ಮ ಸಾಲದ ಕಂತೇನಾದರೂ ತಪ್ಪಿತೋ ಎಂದು ವಿಚಾರಿಸಿದರು. ಮಳೆ ಹಿಡಿಯುವ ಹೊತ್ತಿಗೆ ರೂಢಿಯಾಯಿತು. ಸುಂದರಮ್ಮನವರ ಭಾನುವಾರದ ಬಸ್ಸೂ ನಿಲ್ಲಲಿಲ್ಲ.

ಯಮುನಮ್ಮ ಬಂದದ್ದು ಆ ಮಳೆಗಾಲ ಕಳೆದ ಮೇಲೆ. ಮಗ ರಸ್ತೆಯಾಚೆ ನಿಂತಿದ್ದ. ಅವರೊಬ್ಬರೇ ಮೆಟ್ಟಿಲವರೆಗೆ ಬಂದು, ಕುತ್ತಿಗೆಗೆ ಕೈ ಒತ್ತಿಕೊಂಡು ನಿಂತುಬಿಟ್ಟರು. ಮಲ್ಲೇಶಪ್ಪನವರನ್ನು ದಾಟಿ ಒಳಗೆ ಇಣುಕಿದರು. “ಸುಂದರಮ್ಮ ಇಲ್ವಾ?”

ಮಲ್ಲೇಶಪ್ಪನವರು ತಿರುಗಿ ನೋಡಿದರು. ಕೌಂಟರು ಖಾಲಿಯಿತ್ತು. ಈಗಷ್ಟೇ ಅಲ್ಲಿದ್ದವರು ಕಾಣಲಿಲ್ಲ. ಕೂಗಿ ಕರೆಯಬಹುದಿತ್ತು. ಅವರು ಎರಡು ಮೆಟ್ಟಿಲು ಇಳಿದರು.

“ಅವತ್ತು ಕೀ ಕೊಡಕ್ಕೆ ನಾನು ತಡ ಮಾಡ್ದೆ ಅಮ್ಮ.”

“ಗೊತ್ತು. ನೋಡ್ತಿದ್ನಲ್ಲ.” ಯಮುನಮ್ಮ ಕುತ್ತಿಗೆಯಿಂದ ಕೈ ತೆಗೆದರು. ಆಮೇಲೆ ತೋಳು ಚಾಚಿದರು. “ಹಿಡ್ಕಳಿ. ಮೆಟ್ಲು ಎತ್ತರ ಮಾಡ್ಸಿದೀರಿ.”

ಅವರಿಬ್ಬರೂ ಒಳಗೆ ಬಂದು ಮೆತ್ತನೆಯ ಕುರ್ಚಿ ಸೇರಿದ ಮೇಲಷ್ಟೇ ಸುಂದರಮ್ಮನವರ ತಲೆ ಮೇಜಿನ ಕೆಳಗಿನಿಂದ ಮೇಲೆ ಬಂತು. ಪಿನ್ನು ಬಿದ್ದಿತ್ತು ಸಾರ್, ಹುಡುಕುತ್ತಿದ್ದೆ ಎಂದರು. ಪಿನ್ನಿನ ಡಬ್ಬಿ ಇರುತ್ತಿದ್ದದ್ದು ಆಚೆಯ ಮೇಜಿನಲ್ಲಿ. ಜನ ಆಕೆಯನ್ನು ಮೆಚ್ಚಿಕೊಂಡಾಗ ಆದ ಉರಿಯೆಲ್ಲ ಒಂದು ತೂಕವಾದರೆ, ತಿಂಗಳುಗಟ್ಟಲೆ ಬಸ್ಸಿನಲ್ಲಿ ಓಡಾಡಿ ಗಳಿಸಿದ್ದನ್ನು ಆಕೆ ಮೇಜಿನಡಿ ಬಗ್ಗಿ ತಮಗೆ ಕೊಟ್ಟುಬಿಟ್ಟರಲ್ಲ, ಅದರ ಉರಿಯೇ ಹೆಚ್ಚು ಎಂದು ಮಲ್ಲೇಶಪ್ಪನವರು ಇವತ್ತಿಗೂ ಹೇಳುತ್ತಾರೆ.

ಮುಂದೆ ನರಸಿಂಹರಾಜಪುರ ಶಾಖೆಯ ಮ್ಯಾನೇಜರಾದ ಸುಂದರಮ್ಮನವರು, ಗುರುವಾರಕ್ಕೆ ಕಾಯದೆ ಎಲ್ಲ ದಿನವೂ ಬಾಗಿಲಿನ ಹತ್ತಿರವೇ ಮೇಜು ಹಾಕಿಸಿಕೊಂಡರು. ಈಗ ಆ ಮೇಜನ್ನು ಬಿಟ್ಟು ಮನೆಗೆ ಹೋಗುತ್ತಿದ್ದಾರೆಂಬುದು ಹೆಸರಿಗೆ ಮಾತ್ರದ ನಿವೃತ್ತಿ. ಭಾನುವಾರದ ಕಮ್ಮರಡಿ ಬಸ್ಸು ಅವರಿಗೆ ಇನ್ನೂ ತಪ್ಪಿಲ್ಲ. ಆ ತಾಯಿ ನೂರ್ಕಾಲ ಬಾಳಲಿ, ಅವರ ಕಾಲಿಗೆ ಶಕ್ತಿಯೂ ಹೆದರಿ ಒಳಗೆ ಕೂತವರ ಮನೆಗಳಲ್ಲಿ ಅವರಿಗೊಂದು ಲೋಟ ಕಾಫಿಯೂ ಎಂದೆಂದಿಗೂ ಇರಲಿ. ಆ ಬಸ್ಸಿನಲ್ಲಿ ಅವರ ಹಿಂದಿನ ಸೀಟಿನ ವಿಷಯದಲ್ಲಿ ಹಾರೈಕೆಯ ಅಗತ್ಯವಿಲ್ಲ: ಎರಡು ವರ್ಷ ಮೊದಲೇ ನಿವೃತ್ತರಾದ ಮಲ್ಲೇಶಪ್ಪನವರು ಭಾನುವಾರ ಬೆಳಿಗ್ಗೆ ಬೇಗನೆ ಬಂದು, ಕಿಟಕಿಯಿಂದ ಟವೆಲ್ಲು ಹಾಕಿ, ಅದನ್ನು ಹಿಡಿದಿರುತ್ತಾರೆ.