ಖಾಲಿ ಕೇಜು

ಬಂಗಾರಪೇಟೆಯ ಕಣ್ಣಾಸ್ಪತ್ರೆಯಲ್ಲಿ ಲಿಫ್ಟಿನ ಬಾಗಿಲು ತೆರೆದದ್ದೇ ಗ್ರೀಸಿನ ವಾಸನೆ ಮುಖಕ್ಕೆ ಬಡಿಯಿತು. ಅಮ್ಮ ತಟ್ಟನೆ ಹಿಂದೆ ಸರಿದಳು.

"ನಾ ಈ ಲಿಫ್ಟು ಅತ್ತಲ್ಲ ಕಣೇ."

ಕಣ್ಣಿನ ಪೊರೆ ತೆಗೆಯುವುದು ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತಲು ಅವಳ ಮಂಡಿ ಒಪ್ಪದು. ಇವತ್ತು ತಪ್ಪಿದರೆ ಮತ್ತೆ ಯಾವಾಗ ಕರೆಯುತ್ತಾರೋ. ಅವಳೀಗ ನನ್ನನ್ನೂ ದನಿಯಿಂದಲೇ ಗುರುತಿಸುವುದು.

ಆ ವಾಸನೆ ನಮ್ಮಪ್ಪನ ಅಂಗಿಯದು. ಅಪ್ಪ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಬಾಯಲ್ಲಿ ನಿಂತು, ಜನರನ್ನು ಕೇಜಿಗೆ, ಅಂದರೆ ಗಣಿಯ ಲಿಫ್ಟಿಗೆ, ಹತ್ತಿಸಿ ಗಂಟೆ ಹೊಡೆದು ಇಳಿಸುತ್ತಿದ್ದರು. ಎಷ್ಟು ಸೋಪು ಉಜ್ಜಿದರೂ ಆ ಕಾಲರಿನ ಜಿಡ್ಡು... ನೋಡಿ, ನನ್ನ ನೆನಪು ಎಲ್ಲಿಂದ ಹೊರಟರೂ ಬಟ್ಟೆ ಒಗೆಯುವ ಕಲ್ಲಿಗೇ ಬಂದು ಕೂರುತ್ತದೆ! ಹೇಳಹೊರಟದ್ದು ಬೇರೆ. ಪ್ರತಿ ಪಾಳಿಗೂ ಮೊದಲು, ಎಲ್ಲ ಸರಿಯಿದೆಯೇ ಎಂದು ನೋಡಲು, ಅಪ್ಪ ಖಾಲಿ ಕೇಜನ್ನು ಇಳಿಸಿ ವಾಪಸು ತರಿಸುತ್ತಿದ್ದರು. ಅದಕ್ಕೂ ಮೊದಲು, ಕೆಳಗಿಂದ ಬಂದವರನ್ನು ಕೇಳುತ್ತಿದ್ದರು: "ಒಸ್ದಾಗಿ ಏನಾದ್ರೂ ತೆಗ್ದಿದ್ದೀರೇನಪ್ಪಾ?" ಹೊಸ ಸುರಂಗ ತೆಗೆದಿದ್ದರೆ ಖಾಲಿ ಕೇಜು ಅಲ್ಲಿಗೂ ಹೋಗಿಬರಬೇಕು.

ಆಸ್ಪತ್ರೆಗೆ ನಮ್ಮ ಜೊತೆ ನನ್ನ ತಂಗಿಯ ಮಗಳು ಸುಧಾ ಬಂದಿದ್ದಳು. ಲಿಫ್ಟುಗಳನ್ನು ನಡೆಸುವ ಸಾಫ್ಟ್‌ವೇರನ್ನು ಪರೀಕ್ಷಿಸುವುದು ಅವಳ ಉದ್ಯೋಗ. ಕಚೇರಿ ಎಂದರೆ ನಮ್ಮ ಪಡಸಾಲೆ. ಕಳೆದ ವಾರ ಹುರುಳಿ ಆರಿಸುತ್ತಾ ಪಕ್ಕದಲ್ಲಿ ಕೂತಿದ್ದೆ.

"ಮೊದ್ಲೆಲ್ಲ ಒಂದೊಂದ್ ಪರೀಕ್ಷೇನೂ ನಾವೇ ಬರ್ದಿಡ್ತಿದ್ವಿ ದೊಡ್ಡಮ್ಮ. ಕೆಳಗಿಂದ ಒಂದನೇ ಮಹಡಿಗೆ, ಒಂದರಿಂದ ಎರಡಕ್ಕೆ. ಆಮೇಲೆ ಯಾರೋ ಮೇಲೊಂದು ಮಹಡಿ ಏರಿಸಿದ್ರೆ ಅದಕ್ಕೆ ಪರೀಕ್ಷೇನೇ ಇಲ್ಲ. ಆದ್ರೂ ಎಲ್ಲಾ ಪಾಸು!"

"ಮತ್ತೆ ಈಗ?"

"ಈಗ ಪ್ರೋಗ್ರಾಮು ಓಡೋಕೆ ಶುರುವಾದ್ಮೇಲೆ, ಕಟ್ಟಡದಲ್ಲಿ ಏನೇನಿದೆ ಅಂತ ಅದೇ ಕೇಳ್ಕೊಂಡು, ಇರೋದಕ್ಕೆಲ್ಲ ಆಗಿಂದಾಗ್ಲೇ ಪರೀಕ್ಷೆ ಉಟ್ಟಿಸ್ತದೆ. ನೋಡು."

ಪರದೆಯ ಮೇಲಿನ ಸುಳ್ಳು ಕಟ್ಟಡಕ್ಕೆ ಒಂದು ಮಹಡಿ ಸೇರಿಸಿ ಗುಂಡಿ ಒತ್ತಿದಳು. ಯಾರೂ ಬರೆಯದ ಪರೀಕ್ಷೆಗಳು ಸಾಲುಸಾಲಾಗಿ ಎದ್ದು ಬಂದವು, ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟ ಕಾಳು ಮೊಳೆತ ಹಾಗೆ. ಕುಕ್ಕರ್ ಎಷ್ಟು ಸಲ ಕೂಗಿತೋ ಗೊತ್ತಿಲ್ಲ. ಅವತ್ತಿನ ಬೇಳೆ ಗಂಜಿಯಾಯಿತು.

ಆಸ್ಪತ್ರೆಯ ಲಿಫ್ಟಿನ ಮುಂದೆ ಅಮ್ಮ ಅಲುಗಾಡಲಿಲ್ಲ. "ಮೊದ್ಲು ಖಾಲಿದು ಓಗಿ ಬರ್ಲಿ."

"ಅಜ್ಜೀಗೆ ಟ್ರಯಲ್ ಬೇಕಂತೆ," ಹಿಂದಿನಿಂದ ಯಾರೋ ನಕ್ಕರು. ನನಗೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಂತಾಯಿತು. ಸುಧಾ ಮಾತ್ರ ನಗಲಿಲ್ಲ. ಒಳಗಿನ ಗುಂಡಿಗಳ ಮೇಲೆ ಕಣ್ಣಾಡಿಸಿ ಕಾವಲುಗಾರನತ್ತ ತಿರುಗಿದಳು.

"ಅಣ್ಣ, ಒಸ್ದಾಗಿ ಏನಾದ್ರೂ ಕಟ್ಟಿದ್ದೀರಾ?"

"ಮೇಲೊಂದು ವಾರ್ಡ್ ಆಗೈತಮ್ಮ."

ಅದನ್ನೂ ಸೇರಿಸಿ ಎಲ್ಲ ಗುಂಡಿಗಳನ್ನೂ ಒತ್ತಿ ಹೊರಬಂದಳು. ಇವಳು ಅಪ್ಪನನ್ನು ಕಂಡವಳೇ ಅಲ್ಲ. ಅವರು ಹೋದಾಗ ಇವಳಿನ್ನೂ ಹುಟ್ಟಿರಲಿಲ್ಲ.

ಅಮ್ಮ ಕತ್ತು ಓರೆ ಮಾಡಿದಳು. "ಯಾರೇ ಅದು ಕೇಳಿದ್ದು?"

"ಸುಧಾ ಕಣಮ್ಮ."

ಲಿಫ್ಟು ಪ್ರತಿ ಮಹಡಿಯಲ್ಲೂ ನಿಂತು ನಿಂತು ಮೇಲೇರಿತು. ಅಮ್ಮ ಅದರ ಸದ್ದನ್ನೇ ಆಲಿಸುತ್ತಾ ನಿಂತಳು. ನಗುತ್ತಿದ್ದವರೂ ಅದೇಕೋ ಕತ್ತೆತ್ತಿ ಮಹಡಿಯ ಅಂಕಿಗಳನ್ನೇ ನೋಡತೊಡಗಿದರು. ಇಳಿದು ಬಂದು ಬಾಗಿಲು ತೆರೆಯಿತು.

"ಬಂತಾ?"

"ಬಂತಜ್ಜಿ."

ಅಮ್ಮ ನನ್ನ ಕೈ ಬಿಟ್ಟು, ತಡಕಾಡಿ ಸುಧಾಳ ಕೈ ಹಿಡಿದಳು. "ನಡಿ ಕಣ್ಣು, ಓಗನ."

ನಾನು ಅವರ ಹಿಂದೆ ಒಳಗೆ ಹೋದೆ. ಆ ಗ್ರೀಸಿನ ವಾಸನೆಯನ್ನು ಈ ಸಲ ಉಸಿರು ತುಂಬ ಎಳೆದುಕೊಂಡೆ.