ಇಂಟರ್‌ನೆಟ್ಟಿಗೆ ನಾನು ಬರೆದ ಕಾಯಿದೆ

ಮನೆಯಲ್ಲಿ ನನ್ನ ಮಾತನ್ನು ಬೆಕ್ಕೂ ಕೇಳುವುದಿಲ್ಲ. ಹೀಗಿರುವಾಗ ನಮ್ಮ ಸರ್ಕಾರಿ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಗೆ ಇಂಟರ್‌ನೆಟ್ ಬಂದು, ಅದರ ಬಳಕೆಗೆ ನಿಯಮ ಬರೆಯಿರಿ ಎಂದು ಹೆಡ್‌ಮಾಸ್ತರರು ಹೇಳಿದರೆ ನಾನು ಹಿಗ್ಗದೆ ಇರುತ್ತೇನೆಯೇ? ಹುಕ್ಕೇರಿಯಿಂದ ವರ್ಗವಾಗಿ ಮೂಡಲಗಿ ಕಡೆಯ ಈ ಹಳ್ಳಿಗೆ ಬಂದ ಮೇಲೆ ಇಷ್ಟು ದೊಡ್ಡ ಕೆಲಸಕ್ಕೆ ನನ್ನನ್ನು ಯಾರೂ ಕರೆದಿರಲಿಲ್ಲ.

ಬರೆಯಲು ಕುಳಿತರೆ ಒಂದು ಸಾಲೂ ಹೊಳೆಯಲಿಲ್ಲ. ಇಂಟರ್‌ನೆಟ್ಟಿಗೇ ಮೊರೆ ಹೋದೆ. ದೂರದ ಯಾವುದೋ ಶ್ರೀಮಂತ ಶಾಲೆಯ ನಿಯಮಾವಳಿ ಸಿಕ್ಕಿತು, ಭಕ್ತಿಯಿಂದ ಕನ್ನಡಕ್ಕಿಳಿಸಿದೆ. ‘ಇನ್ನೊಬ್ಬರ ಬರಹವನ್ನು ನಕಲು ಮಾಡಬಾರದು’ ಎಂಬುದನ್ನು ಅಕ್ಷರ ಬಿಡದೆ ನಕಲು ಮಾಡಿದೆ. ‘ಈಜುಕೊಳದ ಬಳಿ ಲ್ಯಾಪ್‌ಟಾಪ್ ಒಯ್ಯಬಾರದು’ ಎಂಬುದನ್ನೂ ಉಳಿಸಿಕೊಂಡೆ. ನಮ್ಮಲ್ಲಿ ಕುಡಿಯುವ ನೀರಿನ ಟಾಕಿ ತುಂಬುವುದೇ ಅಪರೂಪ. ಆದರೂ ಕಾಯಿದೆ ಎಂದ ಮೇಲೆ ಸ್ವಲ್ಪ ತೂಕ ಬೇಡವೇ?

ನಾನು ಕನ್ನಡ ಮಾಸ್ತರ. ಹಳೆಯ ದಾನಶಾಸನಗಳ ಕೊನೆಗೆ ಒಂದು ಶಾಪ ಇರುತ್ತದೆ: ಇದನ್ನು ಕೆಡಿಸಿದವನು ಹುಳುವಾಗಿ ಹುಟ್ಟಲಿ ಎಂದು. ಆ ರಾಜರಿಗೂ ಪ್ರಜೆಗಳ ಮೇಲೆ ನನಗೆ ಮಕ್ಕಳ ಮೇಲಿದ್ದಷ್ಟೇ ಭರವಸೆ ಇದ್ದಿರಬೇಕು. ಅದೇ ಜಾಡಿನಲ್ಲಿ ಮೋಸಗಾರರು, ಹೊಲಸು ಚಿತ್ರ, ಮುಖವಿಲ್ಲದ ಗೆಳೆಯರು ಎಂದು ನಾನೂ ಅಪಾಯಗಳನ್ನು ಧಾರಾಳವಾಗಿ ಸುರಿದೆ.

ಪಾಲಕರ ಸಭೆಯಲ್ಲಿ ಮೈಕು ಹಿಡಿದು ಎಲ್ಲವನ್ನೂ ಓದಿದೆ. ನಮ್ಮ ಕಡೆ ಮಗುವನ್ನು ಶಾಲೆಗೆ ಬಿಡುವಾಗ ‘ಎಲುಬು ನಮ್ಮದು, ತೊಗಲು ನಿಮ್ಮದು’ ಎಂದು ಮಾಸ್ತರನ ಕೈಗೊಪ್ಪಿಸುವ ರೂಢಿ. ಆಮೇಲೆ ಯಾವ ಕಾಗದ ಕೊಟ್ಟರೂ ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ. ಅಂಥವರು ಅಂದು ಮುಖ ಮುಖ ನೋಡಿಕೊಂಡರು. ಅನುಮತಿ ಚೀಟಿಗಳು ಸಹಿಯಿಲ್ಲದೆ ಮರಳಿದವು. ನಿಯಮ ಮುರಿಯುವುದು ಹಾಗಿರಲಿ, ಪಾಲಿಸಲೂ ಕೋಣೆಯಲ್ಲಿ ಒಂದು ಮಗುವೂ ಇಲ್ಲ!

ಪೆಟ್ಟು ಬಿದ್ದದ್ದು ಹತ್ತನೆಯ ತರಗತಿಯ ರುಕ್ಸಾನಾಳಿಗೆ. ಕಾಲುವೆ ನೀರು ಕುಡಿದೂ ಕುಡಿದೂ ಅವರ ಕಬ್ಬಿನ ಹೊಲದ ಒಂದು ಮೂಲೆ ಸವಳಾಗಿ, ಮೇಲೆ ಬಿಳಿ ಉಪ್ಪು ಎದ್ದಿತ್ತು. ಅದಕ್ಕೆ ಮದ್ದು ಹುಡುಕಿ, ಗೋಕಾಕದ ವಿಜ್ಞಾನ ಪ್ರದರ್ಶನದಲ್ಲಿ ಮಾದರಿ ಇಡಬೇಕೆಂದು ಹುಡುಗಿ ಹಟ ಹಿಡಿದಿದ್ದಳು. ಮನೆಯಲ್ಲಿದ್ದ ಒಂದೇ ಫೋನು ಅಪ್ಪನ ಜೇಬಿನಲ್ಲಿರುತ್ತಿತ್ತು. ಅವಳ ತಾಯಿ ಹಸೀನಾಬಿಯವರನ್ನು ಒಪ್ಪಿಸಲು ನಾನೇ ಹೋದೆ.

“ಸಹಿ ಮಾಡ್ರಿ ಅಕ್ಕಾ, ಹುಡುಗಿ ಶಾಣ್ಯಾ ಅದಾಳ.”

“ಅಲ್ರಿ ಸರ್, ಅಲ್ಲಿ ಮೋಸಗಾರರು ಅದಾರ, ಹೊಲಸು ಐತಿ ಅಂತ ಮೈಕಿನ್ಯಾಗ ಒದರಿದವರು ನೀವ. ಈಗ ಮಗಳನ್ನ ಅಲ್ಲೇ ಕಳಸ್ರಿ ಅಂತ ಬಂದವರೂ ನೀವ!”

ನಾನು ಚೀಟಿಯನ್ನು ಮಡಚಿ ಜೇಬಿಗಿಟ್ಟೆ. ಚಹಾ ಕೊಟ್ಟು ಆಕೆಯೇ ದಾರಿ ತೋರಿಸಿದರು.

“ಆ ಕಾಗದ ನನಗ ತಿಳ್ಯಾಂಗಿಲ್ರಿ. ನೀವು ಆಕಿ ಬಾಜೂಕ ಕುಂದರ್ತೀನಿ ಅನ್ರಿ, ಕಳಸ್ತೀನಿ.”

ಕೂರುತ್ತೇನೆ ಎಂದೆ. ಹಾದಿಯಲ್ಲಿ ಹೊಳೆಯಿತು: ನಾನು ಅಷ್ಟುದ್ದ ಬರೆದದ್ದೇ ಪಕ್ಕದಲ್ಲಿ ಕೂರುವುದನ್ನು ತಪ್ಪಿಸಿಕೊಳ್ಳಲು. ಗೋಡೆಗೆ ನಿಯಮ ಅಂಟಿಸಿಬಿಟ್ಟರೆ ಮಾಸ್ತರನಿಗೆ ಗೋಕಾಕದ ಮನೆಗೆ ಹೋಗುವ ಸಂಜೆಯ ಬಸ್ಸು ಸಿಗುತ್ತದೆ.

ಶಾಲೆ ಬಿಟ್ಟ ಮೇಲೆ ದಿನವೂ ಕೂತೆ. ಮೋಸಗಾರರು ಬರಲಿಲ್ಲ; ಬಂದದ್ದು ಸವಳು ಕಳೆಯುವ ಜಿಪ್ಸಮ್, ಬಸಿಗಾಲುವೆ, ಮಣ್ಣಿನ ಚಿತ್ರ. ಆಕಳಿಕೆ ಅಪಾಯದ ಪಟ್ಟಿಯಲ್ಲಿರಲಿಲ್ಲ, ಅದೊಂದೇ ನನ್ನನ್ನು ಕಾಡಿದ್ದು. ಪ್ರದರ್ಶನ ಹತ್ತಿರ ಬಂದಿತ್ತು, ಮಾದರಿ ಇನ್ನೂ ಅರ್ಧವಾಗಿತ್ತು. ಆಗಲೇ ಒಂದು ಸಂಜೆ ಕೌಜಲಗಿಯ ಬೀಗರು ಬರುತ್ತಾರೆಂದು ಮನೆಯಿಂದ ಫೋನು ಬಂತು.

“ನೀ ಮಾಡಕೋತ ಇರವಾ, ನಾ ಹೊಂಟೆ” ಎಂದು ಎದ್ದೆ. ಅಂಗಳ ದಾಟುವಷ್ಟರಲ್ಲಿ ಹಿಂದೆ ಬಾಗಿಲು ಎಳೆದ ಸದ್ದು ಕೇಳಿಸಿತು. ರುಕ್ಸಾನಾ ಚೀಲ ಹೆಗಲಿಗೇರಿಸಿ ನಿಂತಿದ್ದಳು.

“ಯಾಕವಾ, ಮುಗೀತೇನು?”

“ಇಲ್ರಿ ಸರ್. ನೀವು ಇಲ್ಲಂದ್ರ ನಾ ಕುಂದ್ರಂಗಿಲ್ರಿ. ಅಮ್ಮೀಗ ಮಾತು ಕೊಟ್ಟೀರಲ್ರಿ.”

ಗೋಡೆಯ ಮೇಲಿನ ನನ್ನ ಕಾಯಿದೆಯನ್ನು ಆ ಶಾಲೆಯಲ್ಲಿ ಯಾವ ಮಗುವೂ ಮುರಿದಿರಲಿಲ್ಲ. ಹಸೀನಾಬಿಯವರ ಕಾಯಿದೆ ಒಂದೇ ಸಾಲಿನದು, ಅದನ್ನು ಮುರಿಯಲು ಹೊರಟವನು ನಾನು. ನಾಚಿಕೆಯಾಯಿತು. ಒಳಗೆ ಬಂದು ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡೆ. ಹೊರಗೆ ಬಸ್ಸು ಹಾರ್ನ್ ಹೊಡೆದು ಹೋಯಿತು.

“ಈ ಜಿಪ್ಸಮ್ ಅಂದ್ರ ಏನವಾ? ಮೊದಲಿಂದ ಹೇಳು” ಎಂದೆ.